ಪರ್ಸಿನ ಅಂಚಿಗೆ ಆ ಹೊಳಪು ಎಲ್ಲಿಂದ?

ಪ್ರಶ್ನೆ: ಕೈಯಲ್ಲೇ ಹೊಲಿದ ತೆಳು ಚರ್ಮದ ಪರ್ಸಿನ ಅಂಚು ಗಾಜಿನಂತೆ ನುಣುಪಾಗಿರುತ್ತದಲ್ಲ, ಅದಕ್ಕೆ ಬಣ್ಣ ಬಳಿಯುತ್ತಾರೆಯೇ?

ಉತ್ತರ: ಎಲ್ಲದಕ್ಕೂ ಇಲ್ಲ. ಚರ್ಮವನ್ನು ಹೇಗೆ ಹದ ಮಾಡಿದ್ದಾರೆ ಎಂಬುದೇ ಇಲ್ಲಿ ಮುಖ್ಯ. ತಂಗಡಿಯಂಥ ಗಿಡದ ತೊಗಟೆಯಿಂದ ಹದ ಮಾಡಿದ ಚರ್ಮ ಉಜ್ಜಿದಷ್ಟೂ ಹೊಳೆಯುತ್ತದೆ. ಕ್ರೋಮಿಯಂ ಲವಣದಿಂದ ಹದವಾದ ಮೆತ್ತನೆಯ ಚರ್ಮ ಹಾಗಲ್ಲ. ಅದರ ಅಂಚಿಗೆ ಸಾಮಾನ್ಯವಾಗಿ ಬಣ್ಣ ಬಳಿಯುತ್ತಾರೆ, ಇಲ್ಲವೇ ಮಡಿಸಿ ಹೊಲಿಯುತ್ತಾರೆ.

ಉಜ್ಜುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಅಂಟಿಸಿ ಹೊಲಿದ ಪದರಗಳನ್ನು ಉಪ್ಪುಕಾಗದದಿಂದ ಸಮ ಮಾಡಿ, ಎರಡೂ ಬದಿಯ ಚೂಪನ್ನು ಸಣ್ಣ ಉಳಿಯಿಂದ ದಾರದಷ್ಟು ತೆಳ್ಳಗೆ ಹೆರೆಯುತ್ತಾರೆ. ಮತ್ತೆ 400, ಆಮೇಲೆ 600 ನಂಬರಿನ ಕಾಗದ. ನಂತರ ಬೆರಳ ತುದಿಯಿಂದ ತುಸು ನೀರು ಅಥವಾ ಗೋಂದು ಸವರಿ, ತೋಡು ಕೊರೆದ ಮರದ ತುಂಡಿನಿಂದ ಬಿರುಸಾಗಿ ತಿಕ್ಕುತ್ತಾರೆ. ತೇವಕ್ಕೂ ಬಿಸಿಗೂ ಕೊಲಾಜೆನ್ ನಾರುಗಳು ಮೆದುವಾಗಿ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಪದರಗಳ ನಡುವಿನ ಗೆರೆಯೇ ಮಾಯ! ಕೊನೆಗೆ ಜೇನುಮೇಣ.

ನೀರು ಜಾಸ್ತಿಯಾಗಿ, ಕೈಯೂ ಬಿಗಿಯಾದರೆ ಅಂಚು ಅಣಬೆಯಂತೆ ಹರಡಿಕೊಳ್ಳುತ್ತದೆ. ಸುಮಾರು 1 ಮಿ.ಮೀ. ದಪ್ಪದ ಚರ್ಮದಲ್ಲಿ ಈ ತಪ್ಪು ಬಲು ಬೇಗ ಆಗುತ್ತದೆ. ಹೊಸಬರು ಮೊದಲು ಉಳಿಕೆ ತುಂಡುಗಳ ಮೇಲೆ ಕೈ ಪಳಗಿಸಿಕೊಳ್ಳಲಿ.