ಕಹಳೆಯ ಕಾಲದ ಪಿಟೀಲು

1922ರ ಜೂನ್ ತಿಂಗಳ ಕೊನೆಯಲ್ಲಿ, ವರ್ಜೀನಿಯದ ರಿಚ್ಮಂಡಿನಲ್ಲಿ ನೆರೆದಿದ್ದ ಹಳೆಯ ಯೋಧರ ಸಮ್ಮೇಳನದಿಂದ ಹೊರಟು, ಟೆಕ್ಸಸ್ ಪ್ರಾಂತದ ಪಿಟೀಲುಗಾರ ಎಕ್ ರಾಬರ್ಟ್‌ಸನ್ನನೂ, ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಪಕ್ಷವಾಗಿ ಕಾದಿದ್ದ ವೃದ್ಧ ಹೆನ್ರಿ ಗಿಲಿಲ್ಯಾಂಡನೂ ನ್ಯೂಯಾರ್ಕಿನಲ್ಲಿದ್ದ ವಿಕ್ಟರ್ ಧ್ವನಿಮುದ್ರಣ ಕಂಪೆನಿಯ ಸ್ಟುಡಿಯೋಗೆ ಬಂದರು. ಇಬ್ಬರ ಜೋಡಿವಾದನ ಮುದ್ರಿತವಾದ ಮರುದಿನ, ಜುಲೈ 1ರಂದು, ರಾಬರ್ಟ್‌ಸನ್ನನು ಪಕ್ಕವಾದ್ಯದ ಆಸರೆಯಿಲ್ಲದೆ ಒಬ್ಬನೇ ನುಡಿಸಿದ ‘ಸ್ಯಾಲಿ ಗುಡನ್’ ಎಂಬ ಕುಣಿತದ ಮಟ್ಟು, ಒಂದೇ ಪುಟ್ಟ ರಾಗಖಂಡವನ್ನು ಹೊರಳಿಸಿ ಹೊರಳಿಸಿ ಪ್ರತಿ ಸಲವೂ ಹೊಸ ಮುಖದಿಂದ ತೋರುವ ಅವನ ಪ್ರತಿಭೆಯಿಂದ, ಇಂದಿಗೂ ಕೇಳುವವರನ್ನು ಬೆರಗುಗೊಳಿಸುತ್ತದೆ.

ಆಗಿನ ಮುದ್ರಣದಲ್ಲಿ ಮೈಕಿಗಾಗಲಿ ವಿದ್ಯುತ್ ವರ್ಧಕಕ್ಕಾಗಲಿ ಎಡೆಯಿರಲಿಲ್ಲ. ಕಲಾವಿದನು ದೊಡ್ಡ ಕಹಳೆಯೊಂದರ ಬಾಯಿಗೆ ಸಮೀಪವಾಗಿ ನಿಂತು ಹಾಡಿದರೆ, ಆ ನಾದದ ಬಲದಿಂದಲೇ ತೆಳುಪೊರೆ ಕಂಪಿಸಿ, ಅದಕ್ಕೆ ಕೂಡಿಸಿದ ಮೊನೆಯು ತಿರುಗುತ್ತಿರುವ ಮೇಣದ ತಟ್ಟೆಯಲ್ಲಿ ಗೆರೆ ಕೊರೆಯುತ್ತಿತ್ತು. ಸೆಕೆಂಡಿಗೆ ಸುಮಾರು 250ರಿಂದ 2,500ರವರೆಗಿನ ಕಂಪನಗಳಷ್ಟೇ ಚೆನ್ನಾಗಿ ದಕ್ಕುತ್ತಿದ್ದುವಾದ ಕಾರಣ, ವಾದ್ಯವೃಂದಗಳ ಗಾಂಭೀರ್ಯ ಬಹುಮಟ್ಟಿಗೆ ಕರಗಿಹೋಗುತ್ತಿತ್ತು. ಒಂಟಿ ಕಂಠ, ಒಂಟಿ ಪಿಟೀಲು, ಬ್ಯಾಂಜೊಗಳ ಜೀವ ಮಾತ್ರ ಉಳಿಯುತ್ತಿತ್ತು. ಆ ಯಂತ್ರದ ಇಕ್ಕಟ್ಟು ಹಳ್ಳಿಯ ಹಾಡುಗಾರರಿಗೆ ಒದಗಿದ ಭಾಗ್ಯವೆಂದೇ ನನ್ನ ದೃಢವಾದ ಅಭಿಪ್ರಾಯ.

ಆದರೆ ಕಂಪೆನಿಗಳಿಗೆ ಈ ಸಂಪತ್ತಿನ ಬೆಲೆ ತಡವಾಗಿ ತಿಳಿಯಿತು. 1923ರ ಜೂನಿನಲ್ಲಿ ಒಕೆ ಕಂಪೆನಿಯ ರಾಲ್ಫ್ ಪೀರ್ ಅಟ್ಲಾಂಟದಲ್ಲಿ ಪಿಟೀಲುಗಾರ ಫಿಡ್ಲಿನ್ ಜಾನ್ ಕಾರ್ಸನ್ನನ ಹಾಡನ್ನು ಮುದ್ರಿಸಿಕೊಂಡಾಗ ಅದು ಅವನಿಗೆ ಸ್ವಲ್ಪವೂ ರುಚಿಸಲಿಲ್ಲ. ಸ್ಥಳೀಯ ವ್ಯಾಪಾರಿ ಪೋಕ್ ಬ್ರಾಕ್‌ಮನ್ 500 ಪ್ರತಿಗಳನ್ನು ತಾನೇ ಕೊಳ್ಳುವೆನೆಂದುದರಿಂದ ತಟ್ಟೆ ಹೊರಬಂದಿತು. ಅವು ಬೇಗನೆ ಖರ್ಚಾದುವು. 1925ರಲ್ಲಿ ವಿದ್ಯುನ್ಮುದ್ರಣ ಬಂದು ಕಹಳೆ ಮೂಲೆಗೆ ಸರಿಯಿತು.

ಇಂದು ಕಹಳೆಯ ಕಾಲದ ಈ ಮುದ್ರಿಕೆಗಳನ್ನು ಕೇಳುವುದಕ್ಕೂ ಅಭ್ಯಾಸ ಬೇಕು. ತಟ್ಟೆಗಳನ್ನು ನಿಮಿಷಕ್ಕೆ 78 ಸುತ್ತಿನವೆಂದು ಕರೆಯುವುದು ರೂಢಿಯಾದರೂ, ಕೊರೆದ ವೇಗ ಎಲ್ಲೆಡೆಯೂ ಒಂದೇ ಆಗಿರಲಿಲ್ಲ. ವೇಗ ತಪ್ಪಿದರೆ ಶ್ರುತಿಯೂ ಕಂಠವೂ ವಿಕಾರಗೊಳ್ಳುವುವು. ಗೊರಗೊರ ಸದ್ದನ್ನು ಅತಿಯಾಗಿ ತೊಳೆದ ಪ್ರತಿಗಳನ್ನಂತೂ ದೂರವಿಡಬೇಕು: ಆ ಸದ್ದಿನೊಡನೆ ತಂತಿಗೆ ಕಮಾನು ಉಜ್ಜುವ ಒರಟುತನವೂ, ಹಾಡುಗಾರನ ಉಸಿರೂ ಕೊಚ್ಚಿಹೋಗುತ್ತವೆ. ಮೊದಲ ಕೆಲವು ನಿಮಿಷ ತಾಳ್ಮೆಯಿಂದ ಕುಳಿತರೆ ಕಿವಿಯೇ ಸದ್ದನ್ನು ಬದಿಗಿರಿಸಿ ನಾದವನ್ನು ಆರಿಸಿಕೊಳ್ಳುತ್ತದೆ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2011ರಲ್ಲಿ ತೆರೆದ ‘ನ್ಯಾಷನಲ್ ಜೂಕ್‌ಬಾಕ್ಸ್’ ಭಂಡಾರದಲ್ಲಿ, ವಿಕ್ಟರ್ ಕಂಪೆನಿಯ 10,000ಕ್ಕೂ ಮಿಕ್ಕ ಮುದ್ರಿಕೆಗಳನ್ನು ಆರಂಭದಲ್ಲಿಯೇ ಉಚಿತವಾಗಿ ಒದಗಿಸಲಾಯಿತು. ಆ ದೇಶದ ಕಾನೂನಿನಂತೆ 1922ರವರೆಗೆ ಪ್ರಕಟವಾದ ಮುದ್ರಿಕೆಗಳು 2022ರಲ್ಲಿಯೂ, 1923ರವು 2024ರಲ್ಲಿಯೂ, 1924ರವು 2025ರಲ್ಲಿಯೂ ಹಕ್ಕುಸ್ವಾಮ್ಯದಿಂದ ಬಿಡುಗಡೆ ಹೊಂದಿದುವು. 1924ರ ಏಪ್ರಿಲ್‌ನಲ್ಲಿ ಉತ್ತರ ಕೆರೊಲಿನದಿಂದ ನ್ಯೂಯಾರ್ಕಿಗೆ ಬಂದು ಕೊಲಂಬಿಯ ಕಂಪೆನಿಗಾಗಿ ಪಿಟೀಲು, ಬ್ಯಾಂಜೊ ನುಡಿಸಿದ ಸಮಂಥ ಬಂಗಾರ್ನರ್ ಮತ್ತು ಈವ ಡೇವಿಸ್ ಎಂಬ ಇಬ್ಬರು ಸ್ತ್ರೀಯರ ಮುದ್ರಿಕೆಗಳೂ ಹೀಗೆ ಬಿಡುಗಡೆ ಹೊಂದಿದವುಗಳಲ್ಲಿ ಸೇರಿವೆ. ಹೊಸದಾಗಿ ಕೇಳತೊಡಗುವವರು ಅವರಿಂದಲೇ ಆರಂಭಿಸಬಹುದು.