ಬೆಳೆ ತಖ್ತೆಯಲ್ಲಿ ಬೇಡವಾದ ಸೊನ್ನೆಗಳನ್ನು ಮರೆಮಾಡುವ ಕ್ರಮ

ಯಾದಗಿರಿ ಸೀಮೆಯ ಮುದನಾಳದಂತಹ ಗ್ರಾಮದ ಬೆಳೆ ಲೆಕ್ಕವನ್ನು ಗಣಕಯಂತ್ರದ ಎಕ್ಸೆಲ್ ತಖ್ತೆಯಲ್ಲಿ ಬರೆದಿಡುವ ಮುಖಂಡರಿಗೂ ಭೂಮಾಲೀಕರಿಗೂ ಒಂದು ತೊಂದರೆ ತಪ್ಪದೆ ಒದಗುವುದು. ತೊಗರಿ, ಹತ್ತಿ, ಹೆಸರು, ಜೋಳ, ಶೇಂಗಾ, ಭತ್ತ ಎಂದು ಅಂಕಣಗಳನ್ನು ಹಾಕಿ, ಎಡಗಡೆ ಸರ್ವೆ ನಂಬರುಗಳನ್ನು ಬರೆದರೆ, ಒಂದೊಂದು ಹೊಲದಲ್ಲಿ ಇರುವುದು ಒಂದೆರಡು ಬೆಳೆಯಷ್ಟೆ. ಮಿಕ್ಕ ಮನೆಗಳೆಲ್ಲ ಸೊನ್ನೆಗಳಿಂದ ತುಂಬಿಹೋಗುವುವು. ನಿಜವಾದ ಅಂಕಿಯನ್ನು ಹುಡುಕುವುದೇ ಕಷ್ಟವಾಗುವುದು.

ಇದಕ್ಕೆ ಸುಲಭವಾದ ಉಪಾಯವುಂಟು. ‘ಫೈಲ್’ ಎಂಬುದನ್ನು ಒತ್ತಿ, ‘ಆಪ್ಷನ್ಸ್’, ಅದರೊಳಗೆ ‘ಅಡ್ವಾನ್ಸ್ಡ್’ ಎಂಬ ಭಾಗಕ್ಕೆ ಹೋಗಬೇಕು. ಅಲ್ಲಿ, ಸೊನ್ನೆಯಿರುವ ಮನೆಗಳಲ್ಲಿ ಸೊನ್ನೆಯನ್ನು ತೋರಿಸಬೇಕೆಂಬ ಅರ್ಥದ ಸಾಲಿನ ಮುಂದಿರುವ ಗುರುತನ್ನು ತೆಗೆದುಹಾಕಿದರೆ ಆ ಒಂದು ಹಾಳೆಯ ಸೊನ್ನೆಗಳೆಲ್ಲ ಕಣ್ಮರೆಯಾಗುವುವು. ಕೆಲವು ಅಂಕಣಗಳಿಗೆ ಮಾತ್ರ ಬೇಕಾದರೆ, ಆ ಮನೆಗಳನ್ನು ಆರಿಸಿಕೊಂಡು, ‘ಫಾರ್ಮ್ಯಾಟ್ ಸೆಲ್ಸ್’ ಎಂಬಲ್ಲಿ ‘ಕಸ್ಟಮ್’ ಆರಿಸಿ, 0.00;-0.00;;@ ಎಂದು ಬರೆಯತಕ್ಕದ್ದು. ಮೊದಲ ಭಾಗವು ಧನ ಸಂಖ್ಯೆಗೆ, ಎರಡನೆಯದು ಋಣ ಸಂಖ್ಯೆಗೆ, ಮೂರನೆಯದು ಸೊನ್ನೆಗೆ, ಕಡೆಯದು ಅಕ್ಷರಗಳಿಗೆ ಸೇರಿದುದು. ಮೂರನೆಯದನ್ನು ಬರಿದಾಗಿ ಬಿಟ್ಟಿರುವುದರಿಂದ ಸೊನ್ನೆ ಕಾಣದು. ಗೂಗಲ್ ಷೀಟ್ಸ್ ಬಳಸುವವರಿಗೂ ಈ ಎರಡನೆಯ ಕ್ರಮವೇ ಸಾಕು.

ಈ ಎರಡು ಕ್ರಮಗಳಲ್ಲಿಯೂ ಸೊನ್ನೆಯು ಮನೆಯಲ್ಲಿಯೇ ಇರುವುದು, ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಕೆಲವರು ಇಷ್ಟು ಶ್ರಮವೇಕೆಂದು ಸೊನ್ನೆಗಳನ್ನು ಅಳಿಸಿಬಿಡುವರು. ಮತ್ತೆ ಕೆಲವರು ಸೊನ್ನೆ ಬಂದಲ್ಲಿ ಬರಿದನ್ನು ತೋರಿಸುವಂತೆ ‘ಇಫ್’ ಸೂತ್ರ ಬರೆಯುವರು. ಮೊತ್ತ ಮಾಡುವಾಗ ಇದರಿಂದ ಹಾನಿಯಿಲ್ಲ. ಸರಾಸರಿ ತೆಗೆಯುವಾಗ ಮಾತ್ರ ಲೆಕ್ಕವೇ ಕೆಡುವುದು.

ಉದಾಹರಣೆಗೆ, ನಾಲ್ಕು ತಾಕುಗಳಲ್ಲಿ ತೊಗರಿಯ ಇಳುವರಿ ಎಕರೆಗೆ 6, 5, 1 ಮತ್ತು 0 ಕ್ವಿಂಟಲ್ ಎಂದಿಟ್ಟುಕೊಳ್ಳೋಣ. ಮೊತ್ತ 12, ಸರಾಸರಿ 3. ಸೊನ್ನೆಯನ್ನು ಅಳಿಸಿದರೆ ಯಂತ್ರವು ಮೂರೇ ತಾಕುಗಳೆಂದು ತಿಳಿದು ಸರಾಸರಿಯನ್ನು 4 ಎಂದು ಹೇಳುವುದು. ಬಿತ್ತಿ, ಕಳೆ ತೆಗೆದು, ಒಂದು ಕಾಳನ್ನೂ ಕಾಣದ ರೈತನ ಹೊಲವು ಲೆಕ್ಕದಿಂದಲೇ ಹೊರಬಿದ್ದಂತಾಯಿತು.

2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ಬೆಳೆ ಕಟಾವು ಪ್ರಯೋಗಗಳಿಂದ ಬಂದ ಸರಾಸರಿ ಇಳುವರಿಯು ಗೊತ್ತುಮಾಡಿದ ಪ್ರಾರಂಭಿಕ ಇಳುವರಿಗಿಂತ ಎಷ್ಟು ಕಡಮೆಯೋ ಅದಕ್ಕೆ ತಕ್ಕಂತೆ ಪರಿಹಾರ ಸಲ್ಲುವುದು. ಪ್ರಾರಂಭಿಕ ಇಳುವರಿ 4 ಕ್ವಿಂಟಲ್ ಆಗಿದ್ದರೆ, ಸರಾಸರಿ 3 ಬಂದಾಗ ವಿಮಾ ಮೊತ್ತದ ನಾಲ್ಕನೆಯ ಒಂದು ಪಾಲು ದೊರೆಯಬೇಕು. 4 ಬಂದರೆ ಏನೂ ಇಲ್ಲ. ಸರ್ಕಾರದ ಲೆಕ್ಕವು ಬೇರೆಯಾಗಿ ನಡೆಯುವುದು ನಿಜ. ಆದರೂ ಗ್ರಾಮದ ಪ್ರತಿಯನ್ನಿಟ್ಟುಕೊಂಡು ತಾಳೆ ನೋಡಿ ತಕರಾರು ಸಲ್ಲಿಸುವವರ ಕೈಯಲ್ಲಿ ತಪ್ಪು ತಖ್ತೆಯಿದ್ದರೆ ಅವರ ಮಾತು ನಿಲ್ಲುವುದು ಹೇಗೆ?

ಆದುದರಿಂದ ವಿಸ್ತೀರ್ಣದ ಹಾಳೆಯಲ್ಲಿ ಸೊನ್ನೆಗಳನ್ನು ಧಾರಾಳವಾಗಿ ಮರೆಮಾಡಬಹುದು. ಇಳುವರಿಯ ಹಾಳೆಯಲ್ಲಿ ಬೇಡವೆಂಬುದೇ ನಮ್ಮ ಅಭಿಪ್ರಾಯ. ಮುದ್ರಿಸಿದ ಕಾಗದದಲ್ಲಿ ಮರೆಯಾದ ಸೊನ್ನೆಗೂ ಬರಿದಾದ ಮನೆಗೂ ಭೇದ ತೋರದು. ಬಿತ್ತಿ ಬೆಳೆ ಬಾರದಲ್ಲಿ 0 ಎಂದೂ, ಬಿತ್ತದಲ್ಲಿ ಮನೆಯನ್ನು ಬರಿದಾಗಿಯೂ ಇಡತಕ್ಕದ್ದು. ಹಳೆಯ ನಮೂನೆಗಳಲ್ಲಿ ಎರಡಕ್ಕೂ ‘ನಿರಂಕ’ವೆಂದೇ ಬರೆದು ಮುಗಿಸುವ ವಾಡಿಕೆಯನ್ನು ಇಲ್ಲಿಗೆ ತರಬಾರದು.

ಬೇರೆಯವರು ಮಾಡಿಕೊಟ್ಟ ತಖ್ತೆಯು ಕೈಗೆ ಬಂದಾಗ, ಬರಿದಾಗಿ ಕಾಣುವ ಮನೆಯೊಂದನ್ನು ಒತ್ತಿ, ಮೇಲಿರುವ ಸೂತ್ರದ ಪಟ್ಟಿಯನ್ನು ನೋಡಬೇಕು. ಅಲ್ಲಿ 0 ಕಂಡರೆ ಸೊನ್ನೆಯನ್ನು ಮರೆಮಾಡಿದೆ. ಪಟ್ಟಿಯೂ ಬರಿದಾಗಿದ್ದರೆ, ಆ ಹೊಲದಲ್ಲಿ ಬಿತ್ತನೆಯಾಗಿತ್ತೆ ಇಲ್ಲವೆ ಎಂಬುದನ್ನು ಹೊಲದ ಒಡೆಯನನ್ನೇ ಕೇಳಿ ತುಂಬತಕ್ಕದ್ದು.