ಹಬ್ಬದ ದಿನಗಳಲ್ಲಿ ಸೇವೆಗೆ ನಿಂತ ಹಿರಿಯ ದಂಪತಿಗಳು



ಕೆಲವು ವರ್ಷಗಳ ಹಿಂದೆ ಡಿಸೆಂಬರ್ ತಿಂಗಳಿನಲ್ಲಿ ನಾವು ದಂಪತಿಗಳಿಬ್ಬರೂ ಮಗಳ ಮನೆಗೆಂದು ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಗೆ ಹೋಗಿದ್ದೆವು. ನೆರೆಮನೆಯಲ್ಲಿ ವಯಸ್ಸಾದ ಗಂಡಹೆಂಡಿರು ಬಾಡಿಗೆಗೆ ಇದ್ದರು. ಯಜಮಾನರಿಗೆ ಎಪ್ಪತ್ತೊಂದು, ಅವರ ಪತ್ನಿಗೆ ಅರವತ್ತೆಂಟು ವರ್ಷ. ಇನ್ನೂ ಕತ್ತಲಿರುವಾಗಲೇ ಎದ್ದು, ಕಾರಿನ ಮೇಲೆ ಬಿದ್ದ ಹಿಮವನ್ನು ಕೆರೆದು ತೆಗೆದು, ಒಬ್ಬರ ತೋಳನ್ನೊಬ್ಬರು ಹಿಡಿದುಕೊಂಡು ಅವರು ಹೊರಡುತ್ತಿದ್ದುದನ್ನು ನಾವು ಕಿಟಕಿಯಿಂದ ನೋಡುತ್ತಿದ್ದೆವು. ಈ ವಯಸ್ಸಿನಲ್ಲಿ ಇಷ್ಟು ಹೊತ್ತಿಗೆ ಯಾವ ಉದ್ಯೋಗಕ್ಕೆ ಹೋಗುತ್ತಾರೆಂದು ಕೇಳಿದಾಗ ಮಗಳು ಹೇಳಿದಳು: "ಉದ್ಯೋಗವಲ್ಲ ಅಪ್ಪಾಜಿ, ದೇವಾಲಯದ ಸೇವೆ. ಸಂಬಳವಿಲ್ಲ. ಮನೆಬಾಡಿಗೆ, ಊಟ ಎಲ್ಲ ಅವರದೇ ಖರ್ಚು."

ಆ ದಂಪತಿಗಳು ಜನರು ಮಾರ್ಮನ್ನರೆಂದು ಕರೆಯುವ ಕ್ರೈಸ್ತ ಪಂಥಕ್ಕೆ ಸೇರಿದವರು. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಆರಂಭವಾದ ಈ ಪಂಥದವರು ನೆಲೆ ಅರಸುತ್ತ 1847ರಲ್ಲಿ ಯೂಟಾದ ಕಣಿವೆಗೆ ಬಂದರು. ಅಲ್ಲಿ ಅವರು 1853ರಲ್ಲಿ ಆರಂಭಿಸಿದ ಕಲ್ಲಿನ ದೇವಾಲಯ ಮುಗಿದದ್ದು 1893ರಲ್ಲಿ, ನಲವತ್ತು ವರ್ಷಗಳ ಶ್ರಮದ ಬಳಿಕ. ನಾವು ಹೋದಾಗ ಅದು ಜೀರ್ಣೋದ್ಧಾರಕ್ಕಾಗಿ ಮುಚ್ಚಿದ್ದರಿಂದ ನಮ್ಮ ನೆರೆಯವರು ಅದೇ ಕಣಿವೆಯ ಇನ್ನೊಂದು ದೇವಾಲಯದಲ್ಲಿ ಸೇವೆ ಮಾಡುತ್ತಿದ್ದರು.

ಮಿಷನರಿ ಎಂದೊಡನೆ ಮನೆಮನೆಗೆ ಹೋಗಿ ಮತಪ್ರಚಾರ ಮಾಡುವವರ ಚಿತ್ರ ನಮ್ಮ ಕಣ್ಣಮುಂದೆ ಬರುತ್ತದೆ. ಆ ಪಂಥದ ತರುಣರು ಆ ಕೆಲಸ ಮಾಡುವುದುಂಟು. ದೇವಾಲಯ ಮಿಷನರಿಗಳ ಕೆಲಸ ಬೇರೆ. ಬಂದವರನ್ನು ಬರಮಾಡಿಕೊಳ್ಳುವುದು, ಬಿಳಿಯ ಉಡುಪನ್ನು ಒದಗಿಸುವುದು, ವಿವಾಹವೇ ಮೊದಲಾದ ವಿಧಿಗಳಿಗೆ ನೆರವಾಗುವುದು, ಗತಿಸಿದ ಹಿರಿಯರ ಪರವಾಗಿ ನಡೆಯುವ ವಿಧಿಗಳನ್ನು ನಡೆಸುವುದು, ಇವೆಲ್ಲ ದೇವಾಲಯದ ಒಳಗಿನ ಸೇವೆಗಳು. ಮಕ್ಕಳ ಜವಾಬ್ದಾರಿ ಮುಗಿದ ದಂಪತಿಗಳು ಆರು ತಿಂಗಳಿನಿಂದ ಇಪ್ಪತ್ತಮೂರು ತಿಂಗಳವರೆಗೆ ಇಂತಹ ಸೇವೆಯನ್ನು ಕೈಗೊಳ್ಳಬಹುದು. ಹೊರಡುವ ಮುನ್ನ ವೈದ್ಯರಿಂದ ಮೈಯನ್ನೂ ಹಲ್ಲನ್ನೂ ಪರೀಕ್ಷಿಸಿಕೊಂಡು ವರದಿಯನ್ನು ಒಪ್ಪಿಸಲೇಬೇಕು. ವೈದ್ಯರಾದ ನಮಗೆ ಈ ನಿಯಮ ಬಹಳ ಮೆಚ್ಚಿಗೆಯಾಯಿತು.

ಪರಿಚಯವಾದ ಮೊದಲ ದಿನ ನಮ್ಮ ಮನೆಯವರು ರೂಢಿಯಂತೆ ಚಹಾ ಕಾಸಿ ಕೊಟ್ಟರು. ಅವರು ಕೈಮುಗಿದು ಬೇಡವೆಂದರು. 1833ರಿಂದ ಅವರ ಪಂಥದಲ್ಲಿ ಒಂದು ಆರೋಗ್ಯನಿಯಮವುಂಟು; ಮದ್ಯ, ತಂಬಾಕು, ಚಹಾ, ಕಾಫಿ ಇವು ನಾಲ್ಕೂ ವರ್ಜ್ಯ. ಬಳಿಕ ಕೊತ್ತಂಬರಿ ಬೀಜ, ಜೀರಿಗೆ, ಶುಂಠಿಗಳ ಕಷಾಯವನ್ನು ಬೆಲ್ಲ ಹಾಕಿ ಕೊಟ್ಟೆವು. ಸಂತೋಷದಿಂದ ಕುಡಿದು, ಹೇಗೆ ಮಾಡುವುದೆಂದು ಬರೆದುಕೊಂಡರು. ತಿಂಗಳ ಮೊದಲ ಭಾನುವಾರ ಎರಡು ಹೊತ್ತಿನ ಊಟವನ್ನು ಬಿಟ್ಟು, ಅದರಿಂದ ಉಳಿದ ಹಣವನ್ನು ಬಡವರಿಗೆಂದು ಒಪ್ಪಿಸುವ ಪದ್ಧತಿಯೂ ಅವರಲ್ಲಿದೆ. ಹಸಿದವನ ಹಸಿವನ್ನು ತನ್ನ ಹೊಟ್ಟೆಯಲ್ಲಿ ಅರಿತು ಕೊಡುವ ಈ ಕ್ರಮ ದಾಸೋಹದ ನಾಡಿನವರಾದ ನಮಗೆ ಹೊಸದೆನಿಸಲಿಲ್ಲ. ರೋಗಿಗಳಿಗೂ ಅಶಕ್ತ ವೃದ್ಧರಿಗೂ ಉಪವಾಸದಿಂದ ವಿನಾಯಿತಿಯುಂಟು.

ಕ್ರಿಸ್‌ಮಸ್ ಹತ್ತಿರವಾದಂತೆ ನಗರವೆಲ್ಲ ದೀಪಗಳಿಂದ ತುಂಬಿತು. ಹೊರಗೆ ಹೀಗೆ ಸಂಭ್ರಮವಿರುವಾಗ ಒಂದು ಸಂಜೆ ಆ ತಾಯಿ ಒಬ್ಬರೇ ಬಂದು ನಮ್ಮ ಮನೆಯವರ ಬಳಿ ಕುಳಿತರು. ಮಿಸೌರಿ ರಾಜ್ಯದಲ್ಲಿ ಅವರಿಗೆ ಮೂವರು ಮಕ್ಕಳು, ಏಳು ಮೊಮ್ಮಕ್ಕಳು. ಮದುವೆಯಾದ ನಂತರ ಹಬ್ಬಕ್ಕೆ ಮನೆಯಲ್ಲಿಲ್ಲದಿರುವುದು ಅದೇ ಮೊದಲು. "ಕುಟುಂಬಗಳು ಸಾವಿನಾಚೆಗೂ ಅಗಲದಿರಲೆಂದು ಈ ದೇವಾಲಯದಲ್ಲಿ ವಿಧಿ ನಡೆಯುತ್ತದೆ. ಅದಕ್ಕಾಗಿ ನಾನು ನನ್ನ ಕುಟುಂಬವನ್ನೇ ಅಗಲಿ ಬಂದಿದ್ದೇನೆ," ಎಂದು ನಕ್ಕರು. ನಗುವಾಗಲೇ ಕಣ್ಣು ತುಂಬಿತು. ಅವರು ಬಂದದ್ದು ಬೇರೊಂದು ಕಾರಣಕ್ಕೆ. ಯಜಮಾನರ ಬಲಮೊಣಕಾಲು ಊದಿಕೊಂಡಿತ್ತು. ಮೆಟ್ಟಿಲನ್ನು ಅಡ್ಡವಾಗಿ ತಿರುಗಿ ಏರುತ್ತಿದ್ದರು. ಪಾಳಿಯುದ್ದಕ್ಕೂ ನಿಂತೇ ಇರಬೇಕಾದ್ದರಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಈ ಸಂಗತಿಯನ್ನು ಮೇಲ್ವಿಚಾರಕರಿಗೆ ತಿಳಿಸಿದರೆ ಎಲ್ಲಿ ಮನೆಗೆ ಕಳುಹಿಸಿಬಿಡುವರೋ ಎಂಬ ಭಯದಿಂದ ಯಾರಿಗೂ ಹೇಳಿರಲಿಲ್ಲ.

ಆ ಮಾತನ್ನು ಕೇಳಿದಾಗ ನಮಗೆ ನಮ್ಮೂರಿನ ಒಬ್ಬ ಭಕ್ತರ ನೆನಪಾಯಿತು. ನಮ್ಮ ಚಿಕಿತ್ಸಾಲಯಕ್ಕೆ ಇಪ್ಪತ್ತು ವರ್ಷಗಳಿಂದ ಬರುತ್ತಿದ್ದ ರೈತರು, ರಕ್ತದೊತ್ತಡದ ರೋಗಿ. ಒಂದು ಜಾತ್ರೆಯ ಸಮಯದಲ್ಲಿ ಪತ್ನಿಯೊಡನೆ ದಾಸೋಹದ ಸೇವೆಗೆ ಹೊರಟವರು ದಾರಿಯಲ್ಲಿ ನಮ್ಮನ್ನು ಕಂಡು ನಮಸ್ಕರಿಸಿದರು. ನಾವು, "ಹೋಗಿ ಬನ್ನಿ, ಒಳ್ಳೆಯದಾಗಲಿ," ಎಂದು ಹರಸಿದೆವು. ಮಾತ್ರೆ ತೆಗೆದುಕೊಂಡಿದ್ದೀರಾ ಎಂದು ಕೇಳಲಿಲ್ಲ. ಪ್ರಸಾದವೇ ಔಷಧವೆಂದು ನಂಬಿ ಅವರು ಮಾತ್ರೆಗಳನ್ನು ಮನೆಯಲ್ಲಿಯೇ ಬಿಟ್ಟಿದ್ದರು. ಐದನೆಯ ದಿನ ಒಲೆಯ ಮುಂದೆ ಕುಸಿದರು. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ. ಇಂದಿಗೂ ಅವರು ಎಡಗೈಯಿಂದ ವಿಭೂತಿ ಧರಿಸುವುದನ್ನು ನೋಡಿದಾಗ, ಅಂದು ಕೇಳದೆ ಬಿಟ್ಟ ಆ ಒಂದು ಪ್ರಶ್ನೆ ನಮ್ಮನ್ನು ಚುಚ್ಚುತ್ತದೆ.

ಆದ್ದರಿಂದ ಆ ಸಂಜೆ ನಾವು ಸುಮ್ಮನಿರಲಿಲ್ಲ. ಪರದೇಶದಲ್ಲಿ ಚಿಕಿತ್ಸೆ ಮಾಡುವ ಅಧಿಕಾರ ನಮಗಿರಲಿಲ್ಲ, ಔಷಧವನ್ನು ಕೊಡಲಿಲ್ಲ. ಯಜಮಾನರನ್ನು ಕಂಡು, ಸಮವಯಸ್ಕರಾಗಿ ಒಂದು ಮಾತು ಹೇಳಿದೆವು: "ನೋವನ್ನು ಮುಚ್ಚಿಟ್ಟು ಮಾಡುವ ಸೇವೆಯ ಭಾರ ಕೊನೆಗೆ ಇನ್ನೊಬ್ಬರ ಹೆಗಲಿಗೆ ಬೀಳುತ್ತದೆ." ಅವರಿಗೆ ಸಿಟ್ಟು ಬಂದಿತು. ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ತಾವೇ ಬಂದು ವೈದ್ಯರಲ್ಲಿಗೆ ಹೋಗಿ ಬಂದೆವೆಂದೂ, ಮೇಲ್ವಿಚಾರಕರಿಗೆ ತಿಳಿಸಿದೆವೆಂದೂ ಹೇಳಿದರು. ಅವರನ್ನು ಯಾರೂ ಮನೆಗೆ ಕಳುಹಿಸಲಿಲ್ಲ. ಬಾಗಿಲ ಬಳಿ ಕುಳಿತು, ಒಳಬರುವವರ ಅನುಮತಿ ಪತ್ರವನ್ನು ನೋಡಿ ಸ್ವಾಗತಿಸುವ ಕೆಲಸವನ್ನು ವಹಿಸಿದರು.

ಈಗ ವೈದ್ಯದೃಷ್ಟಿಯಿಂದ ಎರಡು ಮಾತು. ಆಯುರ್ವೇದದ ಪ್ರಕಾರ ವೃದ್ಧಾಪ್ಯ ವಾತಪ್ರಧಾನವಾದ ಕಾಲ. ಶೀತ, ರೂಕ್ಷ ಗುಣಗಳು ವಾತವನ್ನು ಕೆರಳಿಸುತ್ತವೆ. ಸಾಲ್ಟ್ ಲೇಕ್ ನಗರ ಸಮುದ್ರಮಟ್ಟಕ್ಕಿಂತ ಸುಮಾರು 1,300 ಮೀಟರ್ ಎತ್ತರದಲ್ಲಿದೆ, ಗಾಳಿ ಒಣಗಿದ್ದು. ಚಳಿಗಾಲದಲ್ಲಿ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತು, ಕೆಳಗಿನ ತಣ್ಣನೆಯ ಗಾಳಿಯನ್ನೂ ಹೊಗೆಯನ್ನೂ ಕಣಿವೆಯಲ್ಲಿಯೇ ಹಿಡಿದಿಡುವುದುಂಟು. ಅಂತಹ ದಿನಗಳಲ್ಲಿ ಉಬ್ಬಸದವರೂ ಹೃದ್ರೋಗಿಗಳೂ ಹೊರಗೆ ಶ್ರಮಪಡಬಾರದು. ಇದಕ್ಕೆ ದೀರ್ಘಕಾಲ ನಿಲ್ಲುವುದು, ಸಮಯಕ್ಕೆ ಉಣ್ಣದಿರುವುದು, ಮನೆಯವರ ಅಗಲಿಕೆಯ ಕೊರಗು ಸೇರಿದರೆ ಸಂಧಿವಾತ, ನಿದ್ರಾನಾಶ, ಮಲಬದ್ಧತೆಗಳು ತಾವಾಗಿ ಬರುತ್ತವೆ. ನಮ್ಮ ನಾಡಿನ ಬಹಳಷ್ಟು ಜಾತ್ರೆಗಳು ನಡೆಯುವುದೂ ಚಳಿಗಾಲದಿಂದ ಬೇಸಿಗೆಯವರೆಗಿನ ಒಣಹವೆಯಲ್ಲಿಯೇ.

ನೀರು ಕುಡಿಯದೆ, ಮೂತ್ರವನ್ನು ತಡೆದುಕೊಂಡು ಸೇವೆ ಮಾಡುವುದು ಇನ್ನೊಂದು ದೊಡ್ಡ ತಪ್ಪು. ತಡೆಯಬಾರದ ಹದಿಮೂರು ವೇಗಗಳನ್ನು ಚರಕ ಸಂಹಿತೆ ಹೇಳಿದೆ. ಮೂತ್ರ, ಮಲ, ಹಸಿವು, ಬಾಯಾರಿಕೆ, ನಿದ್ರೆ ಇವೆಲ್ಲ ಅದರಲ್ಲಿವೆ. ಸರದಿಯನ್ನು ಬಿಟ್ಟು ಹೋಗುವುದು ಹೇಗೆಂಬ ಸಂಕೋಚದಿಂದ ತಾಯಂದಿರು ಇದನ್ನು ಹೆಚ್ಚಾಗಿ ಮಾಡುತ್ತಾರೆ. ಉರಿಮೂತ್ರದಿಂದ ನರಳುತ್ತ ಮನೆಗೆ ಮರಳುತ್ತಾರೆ.

ಇಷ್ಟಾದರೂ ಹಿರಿಯರು ಸೇವೆಗೆ ಹೋಗಬಾರದೆಂದು ನಾವು ಹೇಳುವುದಿಲ್ಲ. ಚರಕರು ರಸಾಯನ ಚಿಕಿತ್ಸೆಯನ್ನು ವಿವರಿಸುತ್ತ ಕೊನೆಗೆ ಆಚಾರ ರಸಾಯನವೆಂಬುದನ್ನು ಹೇಳುತ್ತಾರೆ. ಅದರಲ್ಲಿ ನೆಲ್ಲಿಕಾಯಿಯಿಲ್ಲ, ಅಳಲೆಕಾಯಿಯಿಲ್ಲ. ಸತ್ಯ ನುಡಿಯುವುದು, ಕೋಪವನ್ನು ಬಿಡುವುದು, ದಾನ, ಹಿರಿಯರ ಸೇವೆ, ದಯೆ, ಅತಿಶ್ರಮವಿಲ್ಲದ ಜೀವನ, ನಿದ್ರೆ ಜಾಗರಗಳ ಸಮತೆ, ಇವೇ ಅಲ್ಲಿಯ ದ್ರವ್ಯಗಳು. ಸೇವೆಯೂ ರಸಾಯನ, ಅತಿಶ್ರಮವಿಲ್ಲದಿದ್ದರೆ ಮಾತ್ರ. ನಿವೃತ್ತರಾಗಿ ಮನೆಯ ಮೂಲೆಯಲ್ಲಿ ಕುಳಿತು ಗೋಡೆ ನೋಡುವವರಿಗಿಂತ, ನಾಳೆ ಬೆಳಿಗ್ಗೆ ತಮಗಾಗಿ ಯಾರೋ ಕಾಯುತ್ತಿದ್ದಾರೆಂದು ತಿಳಿದವರು ಚೆನ್ನಾಗಿ ಉಂಡು ಚೆನ್ನಾಗಿ ನಿದ್ರಿಸುವುದನ್ನು ನಾವು ನಮ್ಮ ವೃತ್ತಿಯಲ್ಲಿ ಕಂಡಿದ್ದೇವೆ.

ಆದಕಾರಣ ಜಾತ್ರೆ, ಶ್ರಾವಣ, ಬೇಸಿಗೆಯ ರಜೆಗಳಲ್ಲಿ ಮಠದ ಸೇವೆಗೆ ಹೊರಡುವ ಹಿರಿಯ ದಂಪತಿಗಳಲ್ಲಿ ನಮ್ಮ ವಿನಂತಿ ಇಷ್ಟು. ಹೊರಡುವ ಹದಿನೈದು ದಿನ ಮೊದಲು ವೈದ್ಯರನ್ನು ಕಂಡು ರಕ್ತದೊತ್ತಡ, ಸಕ್ಕರೆಗಳನ್ನು ಪರೀಕ್ಷಿಸಿಕೊಳ್ಳಿ. ಇರುವ ದಿನಗಳಿಗಿಂತ ಒಂದು ವಾರ ಹೆಚ್ಚಿಗೆ ಆಗುವಷ್ಟು ಮಾತ್ರೆ ಜೊತೆಯಲ್ಲಿರಲಿ; ಯಾವುದನ್ನೂ ತಾವಾಗಿ ನಿಲ್ಲಿಸಬಾರದು. ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ಬೆಳಿಗ್ಗೆ ಸ್ನಾನಕ್ಕೆ ಮುನ್ನ ಬೆಚ್ಚನೆಯ ಎಳ್ಳೆಣ್ಣೆಯನ್ನು ಮೊಣಕಾಲು, ಸೊಂಟ, ಪಾದಗಳಿಗೆ ಸವರಿಕೊಂಡು ಬಿಸಿನೀರನ್ನು ಹಾಕಿಕೊಳ್ಳಿ. ಜ್ವರವಿದ್ದಾಗ, ಕೀಲು ಕೆಂಪಾಗಿ ಊದಿದಾಗ ಬೇಡ. ಎಣ್ಣೆಗಾಲಿನಲ್ಲಿ ಬಚ್ಚಲಿನ ಕಲ್ಲಿನ ಮೇಲೆ ನಡೆಯದಿರಿ. ಪ್ರಸಾದವನ್ನು ಬಿಸಿಯಾಗಿ, ಹೊತ್ತಿಗೆ ಸರಿಯಾಗಿ ಸ್ವೀಕರಿಸಿ. ತಾಸಿಗೊಮ್ಮೆ ಕುಳಿತುಕೊಳ್ಳಿ. ಕಾಯಿಪಲ್ಯ ಹೆಚ್ಚುವುದು, ಹೂ ಕಟ್ಟುವುದು, ಪಾದರಕ್ಷೆ ಕಾಯುವುದು ಇವೆಲ್ಲ ಕುಳಿತು ಮಾಡಬಹುದಾದ ಕಾಯಕಗಳು; ಕಾಯಕದಲ್ಲಿ ಮೇಲುಕೀಳಿಲ್ಲವೆಂಬುದನ್ನು ನಾವು ನಿಮಗೆ ಹೇಳಬೇಕಿಲ್ಲ. ಎದೆಯಲ್ಲಿ ಒತ್ತಿದಂತಾದರೆ, ಬಾಯಿ ಸೊಟ್ಟಗಾದರೆ, ಕೈಯಲ್ಲಿ ಬಲ ತಪ್ಪಿದರೆ, ಮಾತು ತೊದಲಿದರೆ ಆ ಕ್ಷಣವೇ 108ಕ್ಕೆ ಕರೆ ಮಾಡಿಸಿ. ಪೂಜೆ ಮುಗಿಯಲಿ ಎಂದು ಕಾಯಬೇಡಿ. ಹಿರಿಯರನ್ನು ಕಳುಹಿಸಿದ ಮಕ್ಕಳು ದಿನಕ್ಕೊಮ್ಮೆ ದೂರವಾಣಿಯಲ್ಲಿ ಮಾತನಾಡಿಸಲಿ. ಆರೋಗ್ಯಕ್ಕೆ ಅದೂ ಬೇಕು.

ಕ್ರಿಸ್‌ಮಸ್ ದಿನ ದೇವಾಲಯಕ್ಕೆ ರಜೆ. ಮಗಳು ಆ ದಂಪತಿಗಳನ್ನು ಊಟಕ್ಕೆ ಕರೆದಳು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ. ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ ಉಂಡರು. ನಡುವೆ ಮಿಸೌರಿಯಿಂದ ವಿಡಿಯೊ ಕರೆ ಬಂದಿತು. ಏಳು ಮೊಮ್ಮಕ್ಕಳೂ ಒಂದೇ ತೆರೆಯೊಳಗೆ ತೂರಿಕೊಂಡು ಕೂಗಿದರು. ಅಜ್ಜ ಬೆಲ್ಲದ ಕಷಾಯದ ಲೋಟವನ್ನು ಎತ್ತಿ ತೋರಿಸಿದರು. ಬೆಂಗಳೂರಿನಲ್ಲಿಯೂ ತಮ್ಮ ಪಂಥದ ದೇವಾಲಯವೊಂದನ್ನು ಕಟ್ಟುವುದಾಗಿ 2018ರಲ್ಲಿ ಪ್ರಕಟಿಸಿ, 2020ರ ಡಿಸೆಂಬರಿನಲ್ಲಿ ಭೂಮಿಪೂಜೆ ಮಾಡಿದ್ದಾರೆಂದು ನಮಗೆ ತಿಳಿಸಿದವರೂ ಅವರೇ. "ಅಲ್ಲಿಗೆ ಸೇವೆಗೆ ಬಂದರೆ ನಿಮ್ಮ ಮನೆಗೆ ಬರುತ್ತೇವೆ," ಎಂದರು. ನಾವು ಹೇಳಿದೆವು: "ಬನ್ನಿ. ಬರುವಾಗ ಮಾತ್ರೆಯ ಡಬ್ಬಿಯನ್ನು ಮರೆಯಬೇಡಿ."

ಸೇವೆಗೆ ಹೊರಟ ಯಾರನ್ನು ಕಂಡರೂ ಈಗ ನಾವು ಹರಸುವ ಮುನ್ನ ಕೇಳುವುದು ಆ ಪ್ರಶ್ನೆಯನ್ನೇ. ನೀವೂ ನಿಮ್ಮ ಮನೆಯ ಹಿರಿಯರನ್ನು ಕೇಳಿರಿ.